ಸುಕ್ಕು ಬೀಳದ ಮುಖ

"ನಿನ್ನಿ ಅಳೋ ಸೀನಿನ್ಯಾಗ ಮಂದಿ ನಕ್ರು! ಇಷ್ಟು ವರ್ಷ ಬಣ್ಣ ಹಚ್ಚೀನಿ, ಒಂದು ದಿನ ಹಿಂಗಾಗಿರಲಿಲ್ಲ. ನನ್ನ ಮುಖಾನ ಕೊಂದುಬಿಟ್ಟಿ ನೀ!"

ಇಂದುಬಾಯಿ ಗಾಜಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಗಂಟಲು ಹರಿಯುವಂತೆ ಕೂಗಿದರೂ ಕನ್ನಡಿಯಲ್ಲಿದ್ದ ಅವಳ ಮುಖದಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಅರವತ್ತು ದಾಟಿದ ಆ ಮುಖ ಹದಿನೆಂಟರ ಹುಡುಗಿಯ ಹಾಗೆ ತಣ್ಣಗಿತ್ತು. ಅದೇ ಅವಳ ಸಿಟ್ಟಿಗೆ ಮತ್ತಷ್ಟು ಎಣ್ಣೆ ಹೊಯ್ಯಿತು.

ಅದು 2059ರ ಬೇಸಿಗೆ. ನಾಟಕ ಕಂಪನಿಯ ಕ್ಯಾಂಪು ಬಾಗಲಕೋಟೆಯಲ್ಲಿತ್ತು. ಮಧ್ಯಾಹ್ನದ ಆಟಕ್ಕೆ ಮೊದಲ ಗಂಟೆ ಬಾರಿಸಿ ಆಗಿತ್ತು. ಬಣ್ಣದ ಕೋಣೆಯಲ್ಲಿ ಅವಳೆದುರು ನಿಂತಿದ್ದವಳು ಒಬ್ಬಳೇ ಮಗಳು, ವಿಜ್ಞಾನಿ ವಿನುತಾ. ಡಬ್ಬಿಯಲ್ಲಿದ್ದದ್ದು ವಿನುತಾ ಕಂಡುಹಿಡಿದ ಪ್ರೈಮರ್. ಇಂದುಬಾಯಿ ಅದನ್ನು ಹಚ್ಚಿ ರಂಗಕ್ಕೆ ಹೋದದ್ದು ನಿನ್ನೆಯೇ ಮೊದಲು.

ಗೋಡೆಗೆ ಸುಣ್ಣ ಬಳಿಯುವ ಮುಂಚೆ ಗಾರೆ ಮೆತ್ತಿ ಮಟ್ಟ ಮಾಡುತ್ತಾರಲ್ಲ, ಹಾಗೆ ಬಣ್ಣಕ್ಕೆ ಮುಂಚೆ ಮುಖಕ್ಕೆ ಹಚ್ಚುವ ತಳದ ಲೇಪ ಪ್ರೈಮರ್. ವಯಸ್ಸಾದ ಒಣ ಚರ್ಮಕ್ಕೆ ಹಳೆಯವು ಒಗ್ಗುತ್ತಿರಲಿಲ್ಲ. ಕೆಲವು ಹಕ್ಕಳಿಕೆಯಾಗಿ ಏಳುತ್ತಿದ್ದವು, ಕೆಲವು ಸುಕ್ಕಿನೊಳಗೆ ಹೋಗಿ ಕೂತು ಸುಕ್ಕನ್ನೇ ಎತ್ತಿ ತೋರಿಸುತ್ತಿದ್ದವು. ವಿನುತಾಳ ಲೇಪದಲ್ಲಿ ಕಣ್ಣಿಗೆ ಕಾಣದ ಕಣಗಳಿದ್ದವು. ಅವು ಗಾಳಿಯ ತೇವ ಹೀರಿ ಚರ್ಮಕ್ಕೆ ಉಣಿಸುತ್ತಿದ್ದವು. ಚರ್ಮ ಎಲ್ಲಿ ಮಡಚಿತೋ ಅಲ್ಲಿ ತಕ್ಷಣ ಉಬ್ಬಿ ಸಮ ಮಾಡುತ್ತಿದ್ದವು. ಕೆಲವೇ ವರ್ಷಗಳಲ್ಲಿ ಈ ಡಬ್ಬಿ ಇಲ್ಲದ ಮನೆ ಉಳಿಯಲಿಲ್ಲ. ಬಸ್ಸಿನಲ್ಲಿ ಮುದುಕಿಯರಿಗೆ ಎದ್ದು ಜಾಗ ಬಿಡುವವರೂ ಉಳಿಯಲಿಲ್ಲ.

"ಬ್ಯಾಡಂದ್ರ ಬಿಡು. ಮೊದಲಿನಂಗ ಗಲ್ಲ ಒಡದು ರಕ್ತ ಬರ್ಲಿ," ಎಂದಳು ವಿನುತಾ. ಸಣ್ಣವಳಿದ್ದಾಗ ಆಟ ಮುಗಿದ ಮೇಲೆ ಅವ್ವ ಮುಖ ಒರೆಸಿದ ಟವೆಲಿನಲ್ಲಿ ರಕ್ತ ಕಂಡವಳು ಅವಳು.

"ನಗೂಮುಂದ ಬೀಳೋ ಗೆರಿ ಬಿಡತೈತಿ ಇದು. ಅಳೂಮುಂದಿಂದಷ್ಟ ಯಾಕ ಅಳಸತೈತಿ? ಅದನ್ನ ಹೇಳು ನನಗ."

ವಿನುತಾ ಡಬ್ಬಿಯ ಮುಚ್ಚಳ ತಿರುವಿ ಭದ್ರ ಮಾಡಿದಳು. "ಯಾವ ಗೆರಿ ಬಿಡಬೇಕು, ಯಾವುದು ಮುಚ್ಚಬೇಕು ಅಂತ ಕಣಕ್ಕ ಕಲಿಸಬೇಕಾಗಿತ್ತವ್ವಾ. ನಿನ್ನ ನಾಟಕದ ಪೋಸ್ಟರ್ ತೋರಿಸಿ ಕಲಿಸಿದೆ."

ಇಂದುಬಾಯಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಯಾವ ಕಂಪನಿಯೂ ಅಳುವ ನಾಯಕಿಯನ್ನು ಪೋಸ್ಟರಿಗೆ ಹಾಕುವುದಿಲ್ಲ. ಊರೂರ ಗೋಡೆಯ ಮೇಲೆ ಅವಳು ನಕ್ಕಿದ್ದೇ ನಕ್ಕಿದ್ದು. ಆ ಕಣಗಳ ಪಾಲಿಗೆ ಅಳು ಎಂದರೆ ಮುಖದಲ್ಲೊಂದು ಬಿರುಕು, ಮೆತ್ತಿ ಮುಚ್ಚಬೇಕಾದದ್ದು.

"ಹೊಸದಾಗಿ ಕಲಿಸು ಹಂಗಾರ."

"ಎರಡು ವರ್ಷ ಬೇಕು."

"ಎರಡು ವರ್ಷ! ಮಾಲಕ ಇವತ್ತ ಮುಂದ ಕುಂತು ನೋಡಾಂವ ಅದಾನ. ಇವತ್ತೂ ಮಂದಿ ನಕ್ರ ತಾಯಿ ಪಾರ್ಟು ಬ್ಯಾರೆಯವರಿಗೆ ಹೋತು. ಈ ವಯಸ್ಸಿನ್ಯಾಗ ನಾ ಕಸಾ ಹೊಡೀಲೇನು? ನಿನಗ ನನ್ನ ಹರೇದ ಮುಖಾ ಬೇಕಾಗಿತ್ತು. ಮುದುಕಿ ತಾಯಿ ಅಂದ್ರ ನಾಚಿಕಿ!"

ವಿನುತಾಳ ಮುಖ ಕದಲಲಿಲ್ಲ. ನಲವತ್ತೈದರ ಅವಳೂ ಅದೇ ಲೇಪ ಹಚ್ಚಿದ್ದಳು. ಹಿಂದೆಲ್ಲ ತಾಯಿಮಗಳ ಜಗಳಕ್ಕೆ ಒಂದು ಎಲ್ಲೆ ಇತ್ತು. ಮಗಳ ಗಲ್ಲ ಕುಸಿದು ಹುಬ್ಬು ಗಂಟಿಕ್ಕಿತು ಎಂದರೆ ಇಂದುಬಾಯಿ ಬಾಯಿ ಮುಚ್ಚಿ ಚಹಾಕ್ಕೆ ಇಡುತ್ತಿದ್ದಳು. ಇವತ್ತು ಏನೂ ಕುಸಿಯಲಿಲ್ಲ, ಏನೂ ಗಂಟಿಕ್ಕಲಿಲ್ಲ. ಮಾತು ನಾಟಲಿಲ್ಲ ಎಂದುಕೊಂಡು ಇಂದುಬಾಯಿ ಇನ್ನೂ ಹರಿತವಾದದ್ದನ್ನು ಎಸೆದಳು.

"ಕಲ್ಲು ಹಡದೀನಿ ನಾ, ಕಲ್ಲು! ನಿಮ್ಮಪ್ಪ ಬಿಟ್ಟು ಹ್ವಾದಾಗ ನಿನ್ನೂ ಅವನ ಬೆನ್ನಿಗೆ ಕಟ್ಟಿ ಕಳಸಬೇಕಾಗಿತ್ತು."

"ಆತು," ಎಂದಳು ವಿನುತಾ. ಪೋಸ್ಟರಿನಷ್ಟೇ ಶಾಂತವಾದ ಮುಖ. ಅವಳು ಬಾಗಿಲ ಕಡೆ ತಿರುಗಿದಾಗಷ್ಟೇ ಇಂದುಬಾಯಿಯ ಕಣ್ಣು ಮಗಳ ಗದ್ದದ ಕೆಳಗೆ ಬಿತ್ತು. ಲೇಪ ಅಲ್ಲಿಗೆ ಮುಗಿದಿತ್ತು. ಕುತ್ತಿಗೆ ಕೆಂಡದ ಹಾಗೆ ಕೆಂಪಾಗಿತ್ತು, ನರಗಳು ಬಿಗಿದಿದ್ದವು.

"ವಿನುತಾ, ನಿಂದರ ಯವ್ವಾ..."

ಬಾಗಿಲು ಹಾಕಿಕೊಂಡಿತು. ಎರಡನೇ ಗಂಟೆ ಬಾರಿಸಿತು.

ಬಣ್ಣ ಹಚ್ಚುವ ಹುಸೇನಸಾಬ ಒಳಗೆ ಬಂದು, "ಸಿಟ್ಟು ಇಳದ ಮ್ಯಾಲ ಬರತಾರ ಬಿಡ್ರಿ ಬಾಯಾರ" ಎಂದ. ಇಂದುಬಾಯಿ ಕೊಬ್ಬರಿ ಎಣ್ಣೆ ಹಾಕಿ ಲೇಪವನ್ನು ತಿಕ್ಕಿ ತಿಕ್ಕಿ ತೆಗೆದಳು. ಬರಿಯ ಚರ್ಮಕ್ಕೆ ಬಣ್ಣ ಹಚ್ಚಿಸಿಕೊಂಡು ರಂಗಕ್ಕೆ ಹೋದಳು. ನಾಟಕದ ಮಗನ ಹೆಣದ ಮುಂದೆ ಅತ್ತಾಗ ಗಲ್ಲ ಚುರ್ರೆಂದು ಒಡೆಯಿತು. ಯಾರೂ ನಗಲಿಲ್ಲ. ಮಾಲಕ ಎದ್ದು ನಿಂತು ಚಪ್ಪಾಳೆ ತಟ್ಟಿದ. ಪಾರ್ಟು ಉಳಿಯಿತು. ಆದರೆ ಸಾಲುಸಾಲಾಗಿ ಕೂತ ಹೆಂಗಸರಲ್ಲಿ ಯಾರ ಮುಖವೂ ಮುದುಡಿರಲಿಲ್ಲ. ಸೆರಗು ಹಿಂಡುವ ಕೈಗಳಷ್ಟೇ ಕಂಡವು. ಆ ಸಾಲುಗಳಲ್ಲಿ ವಿನುತಾ ಇರಲಿಲ್ಲ.

ಆಟ ಬಿಟ್ಟ ಮೇಲೆ ಅಂಥ ಒಬ್ಬ ಹೆಂಗಸು ಒಳಗೆ ಬಂದು ಅವಳ ಕೈ ಹಿಡಿದಳು. "ಭಾಳ ಅತ್ತೆನ್ರಿ ಬಾಯಾರ," ಎಂದಳು, ನುಣುಪು ಮುಖದಲ್ಲಿ.

"ಮನ್ಯಾಗ ನೀ ಅತ್ತದ್ದು ಯಾರಿಗರ ಗೊತ್ತಾಗತೈತೇನವಾ?" ಎಂದು ಕೇಳಿದಳು ಇಂದುಬಾಯಿ.

ಹೆಂಗಸು ಗಲಿಬಿಲಿಗೊಂಡಳು. "ಗೊತ್ತಾಗಬಾರದು ಅಂತನ ಹಚ್ಚತೇನ್ರಿ. ನಮ್ಮವ್ವನ ಕಾಲಕ್ಕ ಡಬ್ಬಿ ಇರಲಿಲ್ಲ. ಕಣ್ಣಾಗ ನೀರು ಬಂದ್ರ ಅಕಿ ಒಲಿ ಹೊಗಿ ಅಂತ ಹೇಳತಿದ್ಲು."

ಇಂದುಬಾಯಿ ಬಾಗಿಲ ಕಡೆ ನೋಡಿದಳು. ಕ್ಯಾಂಪು ಎತ್ತುವ ದಿನದವರೆಗೂ ನೋಡಿದಳು. ವಿನುತಾ ಬರಲಿಲ್ಲ.