ಕೊನೆಯ ಸ್ವರಗಳು ಮೆತ್ತಗಿದ್ದವು

ಮಗಳು ಚಹಾದ ಲೋಟ ಹಿಡಿದು ಮಹಡಿಯ ಕೋಣೆಗೆ ಕಾಲಿಟ್ಟಾಗ ಯಾರೋ ಉಸಿರಾಡುತ್ತಿರುವ ಸದ್ದು ಕೇಳಿಸಿತು. ಅಪ್ಪನಿಗೆ ನಿದ್ದೆ ಹತ್ತಿದೆ ಅಂದುಕೊಂಡಳು. ಪಿಯಾನೊದ ಮುಂದೆ ಗಾಲಿಕುರ್ಚಿ, ಅದರಲ್ಲಿ ಅಪ್ಪ. ತಲೆ ಒಂದು ಪಕ್ಕಕ್ಕೆ ವಾಲಿತ್ತು.

"ಅಪ್ಪಾ?"

ಹತ್ತಿರ ಹೋದಳು. ಉಸಿರಾಡುತ್ತಿದ್ದದ್ದು ಪಿಯಾನೊ! ಅದನ್ನು ತಾನಾಗಿ ನುಡಿಸುವ ಕಾಗದದ ಸುರುಳಿ ಮುಗಿದ ಮೇಲೂ ಗಾಳಿಪಂಪು ನಿಂತಿರಲಿಲ್ಲ. ಅಪ್ಪನ ಕಣ್ಣುಗಳು ತೆರೆದೇ ಇದ್ದವು. ತಲೆದಿಂಬು ನೆಲದ ಮೇಲೆ ಬಿದ್ದಿತ್ತು.

ದಿಂಬು ಒತ್ತಿ ಉಸಿರುಗಟ್ಟಿಸಿದ್ದಾರೆ ಎಂದರು ಡಾಕ್ಟರು. ಸತ್ತದ್ದು ಊಟಕ್ಕೂ ಚಹಾಕ್ಕೂ ನಡುವೆ, ಅದಕ್ಕಿಂತ ಖಚಿತವಾಗಿ ಹೇಳಲಾಗದು.

ಇನ್ಸ್‌ಪೆಕ್ಟರ್ ಮಾತು ಕಡಿಮೆಯ ಹೆಂಗಸು. ಅಡುಗೆಮನೆಯ ಮಣೆಯ ಮೇಲೆ ಕೂತೇ ವಿಚಾರಣೆ ಶುರು ಮಾಡಿದಳು.

"ಮನೇಲಿ ಯಾರ್‍ಯಾರಿದ್ರಿ?"

"ನಾನು. ಚಿಕ್ಕಪ್ಪ ಹಿತ್ತಲ ಶೆಡ್ಡಲ್ಲಿ ಗಡಿಯಾರ ರಿಪೇರಿ ಮಾಡ್ತಿದ್ರು. ಅಪ್ಪನ ಶಿಷ್ಯ ಬಂದಿದ್ರು, ವಾರಕ್ಕೊಮ್ಮೆ ಬರ್ತಾರೆ."

"ಶಿಷ್ಯ ಕೆಳಗಿಳಿದು ಬಂದಾಗ ನಿಮ್ಮಪ್ಪ ಬದುಕಿದ್ರಾ?"

"ಇದ್ರು. ಅವರು ಇಳಿದು ಬಂದು ಇಲ್ಲೇ ಕೂತ್ಕೊಂಡ ಮೇಲೆ ತಾನೆ ಮೇಲೆ ಪಿಯಾನೊ ಶುರುವಾಗಿದ್ದು! ಇಬ್ಬರೂ ಕೊನೇತನಕ ಕೇಳಿದ್ವಿ. ಆಮೇಲೇ ಅವರು ಹೊರಟಿದ್ದು."

"ಪಿಯಾನೊ ತಾನಾಗೇ ನುಡಿಯುತ್ತಲ್ವಾ? ಅದು ನುಡೀತು ಅಂದ್ರೆ ಅವರು ಬದುಕಿದ್ರು ಅಂತ ಹೇಗೆ ಹೇಳ್ತೀರಿ?"

ಮಗಳು ವಿವರಿಸಿದಳು. ಸುರುಳಿಯ ಒಂದೊಂದು ತೂತೂ ಒಂದೊಂದು ಸ್ವರ. ತೂತು ಹಿತ್ತಾಳೆ ಪಟ್ಟಿಯ ಮೇಲೆ ಬಂದೊಡನೆ ಗಾಳಿ ಒಳನುಗ್ಗುತ್ತದೆ, ತೆಳು ಚರ್ಮವೊಂದು ಉಬ್ಬಿ ಕವಾಟ ತೆರೆಯುತ್ತದೆ, ಪುಟ್ಟ ತಿದಿ ಕುಗ್ಗಿ ಸುತ್ತಿಗೆ ತಂತಿಗೆ ಬಡಿಯುತ್ತದೆ. ಪಂಪಿನ ಸೆಳೆತ ಬಿಗಿಯಾದರೆ ಸ್ವರ ಜೋರು, ಸಡಿಲವಾದರೆ ಮೆತ್ತಗೆ. ಆ ಬಿಗಿ-ಸಡಿಲವನ್ನು ಅಪ್ಪ ತಾವೇ ನೋಡಿಕೊಳ್ಳುತ್ತಿದ್ದರು. ಪಾರ್ಶ್ವವಾಯು ಎಡಗೈಯನ್ನು ಕಸಿದ ಮೇಲೆ ಅವರಿಗೆ ಉಳಿದ ಸಂಗೀತ ಅಷ್ಟೆ: ಹರೆಯದಲ್ಲಿ ತಾವೇ ನುಡಿಸಿ ಅಚ್ಚು ಹಾಕಿಸಿದ ಸುರುಳಿ, ಬಲಗೈಯಲ್ಲಿ ಒಂದು ಹಿಡಿ.

"ಹಿಡಿ ಮುಟ್ಟದೇ ಬಿಟ್ರೆ ಎಲ್ಲಾ ಸ್ವರಾನೂ ಒಂದೇ ಸಮ, ಸಪ್ಪೆ. ಅವತ್ತು ಹಾಗಿರಲಿಲ್ಲ. ಏರಿಳಿತ ಇತ್ತು. ಕೊನೇಲಂತೂ..." ಮಗಳು ತಣ್ಣಗಾದ ಚಹಾದ ಲೋಟ ಪಕ್ಕಕ್ಕೆ ಸರಿಸಿದಳು. "ಬೆಳಿಗ್ಗೆ ಮಾತ್ರೆ ವಿಷಯಕ್ಕೆ ಜಗಳ ಆಗಿತ್ತು ಮೇಡಂ. ನಿಮ್ಮ ಜೊತೆ ಏಗಿ ಸಾಕಾಯ್ತು ಅಂದುಬಿಟ್ಟಿದ್ದೆ. ಕೊನೇನ ಅಷ್ಟು ಮೆತ್ತಗೆ ನುಡಿಸಿದ್ರಲ್ಲ, ಸಿಟ್ಟು ಇಳೀತು ಅಂತ ನನಗೇ ಹೇಳಿದ ಹಾಗಿತ್ತು."

ಶಿಷ್ಯನೂ ಅದನ್ನೇ ಹೇಳಿದ. ನೀಟಾದ ಕೋಟು, ಊದಿಕೊಂಡ ಕಣ್ಣು.

"ಪಿಯಾನೊದ ಹಿಡಿ ಇರೋ ಡ್ರಾಯರ್ ಮುಟ್ಟಿದ್ರಾ?"

"ಉಂಟೇ? ಗುರುಗಳು ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ."

ಉಳಿದವನು ಚಿಕ್ಕಪ್ಪ. ಶೆಡ್ಡಿನ ಪಕ್ಕದಿಂದಲೇ ಹಿಂದಿನ ಮೆಟ್ಟಿಲು ಮಹಡಿಗೆ ಹೋಗುತ್ತದೆ. ಅವನನ್ನು ಶೆಡ್ಡಿನಲ್ಲಿ ಕಂಡವರಿಲ್ಲ. "ಆ ಪಿಯಾನೊ ಪೆಟ್ಟಿಗೆನ ಒಂದಿನ ಒಡೆದು ಹಾಕ್ತೀನಿ" ಎಂದು ಅಣ್ಣನ ಮೇಲೆ ಕೂಗಾಡಿದ್ದು ಬೀದಿಗೆಲ್ಲ ಗೊತ್ತು. ಪೊಲೀಸರು ಕೋಳ ತೊಡಿಸಿದಾಗ ಅವನು ಮಗಳ ಮುಖ ನೋಡಿದ. ಅವಳು ಮುಖ ತಿರುಗಿಸಿಕೊಂಡಳು.

ಎರಡು ದಿನ ಮನೆಯಲ್ಲಿ ಅವಳೊಬ್ಬಳೇ. ಮಹಡಿಯ ಬಾಗಿಲಿಗೆ ಬೀಗ. ಆದರೂ ಮೇಲಿಂದ ಏನೋ ಉಸಿರೆಳೆದಂತೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು.

ಮೂರನೆಯ ದಿನ ಇನ್ಸ್‌ಪೆಕ್ಟರ್ ಮತ್ತೆ ಬಂದಳು. ಜೊತೆಗೆ ಚಿಕ್ಕಪ್ಪ, ಶಿಷ್ಯ, ಇಬ್ಬರು ಪೇದೆಗಳು. ಎಲ್ಲರನ್ನೂ ಮಹಡಿಗೆ ಕರೆದೊಯ್ದಳು.

"ಒಂದು ಮಾತು ಹೇಳಮ್ಮ. ಈಚೆಗೆ ಈ ಸುರುಳಿಯ ಕೊನೇನ ಅಪ್ಪ ಯಾವಾಗಲಾದ್ರೂ ಮೆತ್ತಗೆ ಮುಗಿಸಿದ್ರಾ?"

"ಇಲ್ಲ. ಕಾಯಿಲೆ ಬಿದ್ದಾಗಿಂದ ಸಿಟ್ಟಲ್ಲೇ ಮುಗಿಸ್ತಿದ್ರು, ಗಾಜು ಅದುರೋ ಹಾಗೆ. ಅವತ್ತೊಂದೇ ದಿನ..."

"ಹೌದಾ? ಹಾಗಾದ್ರೆ ಯಾರೂ ಏನೂ ಮುಟ್ಟಬೇಡಿ." ಅವಳು ಸುರುಳಿಯನ್ನು ಆರಂಭದವರೆಗೆ ಹಿಂದಕ್ಕೆ ಸುತ್ತಿ ಮೋಟಾರು ಹಾಕಿ ದೂರ ಸರಿದು ನಿಂತಳು.

ತೂತಿಲ್ಲದ ಬರಿ ಕಾಗದ ಸರಿಯತೊಡಗಿತು. ಸದ್ದಿಲ್ಲ. ಮೆಟ್ಟಿಲಿಳಿದು ಅಡುಗೆಮನೆ ಸೇರುವಷ್ಟು ಹೊತ್ತು! ಆಮೇಲೆ ಸ್ವರಗಳು ಎದ್ದವು. ಹಿಡಿಯ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ಅವು ಉಕ್ಕಿದವು, ಇಳಿದವು. ಕೊನೆಗೆ ಮೆತ್ತಗೆ, ಇನ್ನೂ ಮೆತ್ತಗೆ, ನಿಂತೇ ಹೋದವು.

ಮಗಳು ಗೋಡೆ ಹಿಡಿದುಕೊಂಡಳು. "ಇದೇ... ಅವತ್ತು ಕೇಳಿದ್ದು ಇದೇ."

"ಕಾಗದದ ಎರಡೂ ಅಂಚಲ್ಲಿ ಬೇರೆ ತೂತುಗಳಿವೆ. ಅವು ಸ್ವರ ನುಡಿಸಲ್ಲ, ಸೆಳೆತ ಎಷ್ಟಿರಬೇಕು ಅಂತ ಹೇಳ್ತವೆ. ಹರೆಯದಲ್ಲಿ ಅವರ ಕೈ ಹೇಗೆ ಏರಿಳೀತೋ ಹಾಗೆ. ಡ್ರಾಯರಿನ ಸ್ವಿಚ್ಚು ಹಾಕಿದ್ರೆ ಅಂಚಿನ ಕವಾಟಗಳು ಕೆಲಸ ಮಾಡ್ತವೆ. ಅವತ್ತಿಂದ ಅದು ಹಾಕಿದ ಹಾಗೇ ಇದೆ. ನಿಮ್ಮಪ್ಪ ಆ ಸ್ವಿಚ್ಚು ಹಾಕ್ತಿದ್ರಾ?"

"ಎಂದೂ ಇಲ್ಲ! ಹಳೇ ಕೈಯ ಹಂಗು ಬೇಡ ಅಂತಿದ್ರು. ಯಾರೂ ಹಾಕದ ಹಾಗೆ ಅದರ ಮೇಲೆ ನನ್ನ ಕೈಲೇ ಪ್ಲಾಸ್ಟರ್ ಅಂಟಿಸಿದ್ರು."

"ಆ ಪ್ಲಾಸ್ಟರ್ ಈ ಕಸದ ಬುಟ್ಟೀಲಿತ್ತು. ರೋಗಿಯ ಕೋಣೆ, ಗಾಯಕ್ಕೆ ಹಾಕಿದ್ದಿರಬೇಕು ಅಂತ ನಾವು ಯಾರೂ ಅತ್ತ ನೋಡಲಿಲ್ಲ." ಅವಳು ಶಿಷ್ಯನ ಕಡೆ ತಿರುಗಿದಳು. "ಅಂಟಿನ ಮೇಲೆ ಬೆರಳಚ್ಚು ಸೊಗಸಾಗಿ ಕೂರುತ್ತೆ. ಒಂದು ಈಕೇದು. ಇನ್ನೊಂದು ನಿಮ್ಮದು. ಡ್ರಾಯರ್ ಮುಟ್ಟೇ ಇಲ್ಲ ಅಂದ್ರಲ್ಲ?"

ಅವನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಪೇದೆಯೊಬ್ಬ ಅಡ್ಡ ನಿಂತ.

"ಗುರುಗಳನ್ನ ಮುಗಿಸಿದ್ರಿ. ಸ್ವಿಚ್ಚು ಹಾಕಿ, ಸುರುಳಿ ಬಿಟ್ಟು, ಕೆಳಗೆ ಬಂದು ಕೂತ್ರಿ. ಏರಿಳಿತ ಕೇಳಿದ್ರೆ ಅವರು ಬದುಕಿದ್ದಾರೆ ಅಂತ ಈ ಮನೇಲಿ ಎಲ್ಲರೂ ನಂಬ್ತಾರೆ. ಅದು ನಿಮಗೆ ಗೊತ್ತಿತ್ತು. ಯಾಕೆ?"

"ಗುರುಗಳ ಒಂದು ರಚನೇನ ನನ್ನ ಕೃತಿ ಅಂತ ಮೂರು ವರ್ಷದಿಂದ ನುಡಿಸ್ಕೊಂಡು ಬಂದೆ," ಅವನ ದನಿ ಕೀರಲಾಯಿತು. "ಮುಂದಿನ ಕಾರ್ಯಕ್ರಮದಲ್ಲಿ ಎಲ್ಲರೆದುರು ಅದು ನಂದು, ಇವನು ಕಳ್ಳ ಅಂತ ಹೇಳ್ತೀನಿ ಅಂದ್ರು. ಕಾಲು ಹಿಡಿದೆ. ನಕ್ಕುಬಿಟ್ರು! ಅರ್ಧ ಬಾಯಲ್ಲಿ ನಕ್ಕುಬಿಟ್ರು."

ಪೇದೆಗಳು ಅವನನ್ನು ಕರೆದುಕೊಂಡು ಇಳಿದರು.

ಮಗಳು ಸುರುಳಿಯ ಅಂಚಿನ ತೂತುಗಳ ಮೇಲೆ ಬೆರಳಾಡಿಸಿದಳು. "ಹಾಗಾದ್ರೆ ಆ ಕೊನೆ... ಅಪ್ಪ ನುಡಿಸಿದ್ದಲ್ವಾ?"

ಇನ್ಸ್‌ಪೆಕ್ಟರ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನುಡಿಸಿದ್ದು ಅವರೇ. ಆದ್ರೆ ಅವತ್ತಲ್ಲಮ್ಮ. ನೀನು ಹುಟ್ಟೋಕೆ ಮುಂಚೆ."

ಟೋಪಿ ಕೈಗೆತ್ತಿಕೊಂಡು ಅವಳೂ ಹೊರಟುಹೋದಳು. ಕೋಣೆಯಲ್ಲಿ ಚಿಕ್ಕಪ್ಪ ಉಳಿದ. ಮಗಳು ತಲೆ ಎತ್ತಲಾರದೆ ನಿಂತಿದ್ದಳು.

"ಕೋಳ ಉಜ್ಜಿ ಮಣಿಕಟ್ಟು ಉರೀತಿದೆ ಕಣಮ್ಮ," ಎಂದ ಅವನು ಮೆಲ್ಲಗೆ. "ಸ್ವಲ್ಪ ಎಣ್ಣೆ ಹಚ್ಚು ಬಾ."