ಡ್ರಮ್ಮಿನ ಒಳಗಿನ ಹೆಸರುಗಳು

"ಓಡೋ! ಓಡು! ಬಿಡಬೇಡ!"

ಗ್ಯಾಲರಿಯಲ್ಲಿ ಕೂತವರೆಲ್ಲ ಎದ್ದು ಕಿರುಚುತ್ತಿದ್ದರು. ಹದಿನಾಲ್ಕನೇ ನಂಬರಿನ ಹುಡುಗ ಚೆಂಡನ್ನು ಎದೆಗವಚಿಕೊಂಡು, ಅಡ್ಡ ಬಂದ ಇಬ್ಬರನ್ನು ತಪ್ಪಿಸಿ, ಕೊನೆಯ ಗೆರೆ ದಾಟಿಯೇಬಿಟ್ಟ. ಅಮೆರಿಕನ್ ಫುಟ್‌ಬಾಲಿನಲ್ಲಿ ಹೊಸ ಶಾಲೆಯ ಮೊಟ್ಟಮೊದಲ ಟಚ್‌ಡೌನ್!

ಮಾರ್ನಿಗೆ ಮೈಯೆಲ್ಲ ಜುಮ್ಮೆಂದಿತು. ಎದೆಗೆ ಕಟ್ಟಿಕೊಂಡಿದ್ದ ದೊಡ್ಡ ಡ್ರಮ್ಮನ್ನು ಬಾರಿಸಿದಳು.

ಢಂ! ಢಂ! ಢಢಢಂ!

"ಗೂಳಿ! ಗೂಳಿ! ಗೂಳಿ!" ಎಂದು ಹೋಲ್ಬೆಕ್ ಊರಿನವರು ದಬದಬ ಕಾಲು ಬಡಿದರು.

ಮಾರ್ನಿಯ ಕೈ ಅಲ್ಲೇ ನಿಂತಿತು. ಅಯ್ಯೋ ದೇವರೇ, ಏನು ಮಾಡಿಬಿಟ್ಟೆ!

ಅದು ಹಳೆಯ ಬಡಿತ. ಹೋಲ್ಬೆಕ್ ಹೈಸ್ಕೂಲಿನದು. ಆ ಶಾಲೆ ಈಗ ಇಲ್ಲ. ಹೋಲ್ಬೆಕ್, ಡೆಲ್ಬಿ ಎರಡೂ ಊರುಗಳಲ್ಲಿ ಮಕ್ಕಳು ಕಡಿಮೆಯಾದರೆಂದು ಈ ವರ್ಷ ಎರಡು ಶಾಲೆಗಳನ್ನು ಸೇರಿಸಿ ಒಂದು ಮಾಡಿದ್ದರು. ಎಪ್ಪತ್ತು ವರ್ಷ ಮೈದಾನದಲ್ಲಿ ಹಾವು ಮುಂಗುಸಿಯಂತಿದ್ದವರು ಈಗ ಒಂದೇ ಬಣ್ಣದ ಶರ್ಟು ತೊಟ್ಟಿದ್ದರು. ಹೋಲ್ಬೆಕ್‌ನ ಗುರುತಾಗಿದ್ದ ಗೂಳಿ ಹೋಯಿತು, ಡೆಲ್ಬಿಯ ಗಿಡುಗವೂ ಹೋಯಿತು. ಹೊಸ ಶಾಲೆ 'ಟೂ ಕ್ರೀಕ್ಸ್', ಅದರ ಗುರುತು ಬಿರುಗಾಳಿ.

"ಬಿರುಗಾಳಿಯಂತೆ, ಮಣ್ಣಂತೆ!" ಎಂದು ಮಾರ್ನಿಯ ತಾತ ವರ್ಜಿಲ್ ಗೊಣಗುತ್ತಿದ್ದರು. "ಗಾಳಿಗೆ ತಲೆ ಯಾವ್ದು, ಬಾಲ ಯಾವ್ದು? ಚಿತ್ರ ಬರೆಯೋದಾದ್ರೂ ಹೆಂಗೆ?"

ಹೊಸ ಶಾಲೆಗೆ ಹೊಸ ಬಡಿತವನ್ನು ಬ್ಯಾಂಡಿನ ಆಸ್ಟರ್ ಸರ್ ಒಂದು ತಿಂಗಳು ಕಲಿಸಿದ್ದರು. ಆದರೆ ಮಾರ್ನಿ ಅಂಬೆಗಾಲಿಡುವಾಗಿನಿಂದ ಕೇಳಿದ್ದು ಹಳೆಯದನ್ನೇ. ಖುಷಿಯಲ್ಲಿ ಕೈ ತನ್ನ ಪಾಡಿಗೆ ತಾನು ಬಾರಿಸಿಬಿಟ್ಟಿತ್ತು.

ಗ್ಯಾಲರಿಯ ಇನ್ನೊಂದು ಅರ್ಧದಲ್ಲಿ ಡೆಲ್ಬಿಯವರಿದ್ದರು. ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಗೆರೆ ದಾಟಿದ ಇವಾನ್ ಡೆಲ್ಬಿಯ ಹುಡುಗ. ಅವನು ಚೆಂಡು ಹಿಡಿದುಕೊಂಡು ತನ್ನೂರಿನವರ ಕಡೆ ನೋಡುತ್ತ ನಿಂತೇ ಇದ್ದ. ಅವನ ತಂಗಿ ಯೆಸೆನಿಯಾ ಮಾರ್ನಿಯ ಪಕ್ಕದಲ್ಲೇ ಸಣ್ಣ ಡ್ರಮ್ ಬಾರಿಸುವವಳು. ಅವಳು ತನ್ನ ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಸಾರಿ ಕಣೇ. ಬೇಕೂಂತ ಮಾಡ್ಲಿಲ್ಲ."

"ನಮ್ಮಣ್ಣ ಗೂಳಿ ಅಲ್ಲ," ಎಂದಳು ಯೆಸೆನಿಯಾ.

ಗೇಟಿನ ಹತ್ತಿರ ಹೋಲ್ಬೆಕ್‌ನವರು ಮಾರ್ನಿಯ ಬೆನ್ನು ತಟ್ಟಿದ್ದೇ ತಟ್ಟಿದ್ದು. "ಭೇಷ್ ಹುಡುಗಿ! ನಮ್ಮೂರ ಮಾನ ಉಳಿಸ್ದೆ!" ತಾತನ ಕಣ್ಣು ಒದ್ದೆಯಾಗಿತ್ತು.

"ನಾನು ಬಾರಿಸ್ತಿದ್ದ ಬಡಿತ ಮತ್ತೆ ಕೇಳಿಸ್ದೆಯಲ್ಲ ಮಗಳೇ."

ಮಾರ್ನಿಗೆ ಅಳು ಬಂತು. "ತಾತ, ಗೆರೆ ದಾಟಿದ್ದು ಅವರ ಹುಡುಗ. ಅವನಿಗೆ ಅವನ ಊರಿನವರೇ ಚಪ್ಪಾಳೆ ಹೊಡೀಲಿಲ್ಲ. ನನ್ನಿಂದ."

ತಾತ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹೌದಲ್ಲ. ನಂಗೆ ಹೊಳೀಲೇ ಇಲ್ಲ ನೋಡು." ಮನೆ ಮುಟ್ಟುವವರೆಗೂ ಅವರು ಪಿಕಪ್ ಗಾಡಿಯಲ್ಲಿ ರೇಡಿಯೋ ಹಾಕಲಿಲ್ಲ.

ಸೋಮವಾರ ಬ್ಯಾಂಡ್ ರೂಮಿಗೆ ದೊಡ್ಡ ಡ್ರಮ್ಮಿನ ಹೊಸ ಚರ್ಮ ಬಂದಿತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಟೂ ಕ್ರೀಕ್ಸ್'.

"ಮಾರ್ನಿ, ಯೆಸೆನಿಯಾ, ಇದನ್ನ ನೀವಿಬ್ಬರೇ ಹಾಕಿ," ಎಂದರು ಆಸ್ಟರ್ ಸರ್. ಬೇಕೆಂದೇ ಹೇಳಿದರೋ ಏನೋ, ಹೇಳಿ ಹೊರಗೆ ಹೋಗಿಬಿಟ್ಟರು.

ಇಬ್ಬರೂ ತಿರುಪು ಬಿಚ್ಚಿದರು. ಗೂಳಿಯ ತಲೆಯಿದ್ದ ಹಳೆಯ ಚರ್ಮ ಕಳಚಿ ಬಂತು. ಒಳಗಿನ ಮರದ ಮೇಲೆ ಸಾಲುಸಾಲು ಹೆಸರುಗಳಿದ್ದವು. ಹೋಲ್ಬೆಕ್‌ನಲ್ಲಿ ಅದೊಂದು ಪದ್ಧತಿ. ಚರ್ಮ ಬದಲಾಯಿಸುವಾಗ ದೊಡ್ಡ ಡ್ರಮ್ ಬಾರಿಸುವವರು ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ ಹೆಸರು ಬರೆಯಬೇಕು. ವರ್ಜಿಲ್, ೧೯೬೧. ಕೆಳಗೆ ಮಾರ್ನಿಯ ಅಮ್ಮನ ಹೆಸರು. ಕೊನೆಗೆ ಅಂಗೈಯಗಲ ಖಾಲಿ ಜಾಗ. ಅಲ್ಲಿ ತನ್ನ ಹೆಸರು ಬರೆಯಬೇಕೆಂದು ಮಾರ್ನಿ ಆರು ವರ್ಷದವಳಿದ್ದಾಗಿನಿಂದ ಕಾದಿದ್ದಳು.

ಯೆಸೆನಿಯಾ ಹೆಸರುಗಳ ಮೇಲೆ ಬೆರಳಾಡಿಸಿದಳು.

"ನಮ್ಮ ಡ್ರಮ್ಮಲ್ಲೂ ಹಿಂಗೇ ಇತ್ತು. ಕೊನೇದು ಇವಾನಂದು. ಆಟದ ಟೀಮಿಗೆ ಸೇರೋ ಮುಂಚೆ, ಹೋದ ವರ್ಷ ಅವನೇ ಬಾರಿಸ್ತಿದ್ದ."

"ಅದೀಗ ಎಲ್ಲಿದೆ?"

"ನಮ್ಮ ಶಾಲೆ ಸಾಮಾನೆಲ್ಲ ಹರಾಜು ಹಾಕಿದ್ರಲ್ಲ, ಆಗ ಹೋಯ್ತು. ತಗೊಂಡವರು ಒಳಗೆಲ್ಲ ಬಣ್ಣ ಬಳಿದು, ಮೇಲೆ ಗಾಜು ಹಾಕಿ, ಟೀಪಾಯಿ ಮಾಡ್ಕೊಂಡಿದಾರೆ." ಯೆಸೆನಿಯಾ ನಗಲು ನೋಡಿದಳು. ಆಗಲಿಲ್ಲ.

ಮಾರ್ನಿ ಸುತ್ತ ನೋಡಿದಳು. ಹೊಸ ಶಾಲೆ ನಡೆಯುತ್ತಿದ್ದದ್ದು ಹೋಲ್ಬೆಕ್‌ನ ಹಳೆಯ ಕಟ್ಟಡದಲ್ಲೇ. ಅದೇ ಬ್ಯಾಂಡ್ ರೂಮು, ಅದೇ ಕಿಟಕಿ, ಕಿಟಕಿಯಾಚೆ ಅದೇ ಮೈದಾನ. ಬೇಸಿಗೆಯೆಲ್ಲ ಅವಳು ಗೂಳಿ ಹೋಯಿತೆಂದು ಅತ್ತಿದ್ದಳು. ಡೆಲ್ಬಿಯ ಶಾಲೆಗೆ ಬೀಗ ಬಿದ್ದದ್ದು ಗೊತ್ತಿತ್ತು. ಯೆಸೆನಿಯಾ ದಿನಾ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂತು ಬರುವುದೂ ಗೊತ್ತಿತ್ತು. ಅದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅವಳು ಮಾರ್ಕರಿನ ಮುಚ್ಚಳ ತೆಗೆದಳು.

"ಆ ಹೆಸರುಗಳು ನಿಂಗೆ ನೆನಪಿದ್ಯಾ?"

"ಎಲ್ಲಾ ಇಲ್ಲ. ಒಂದು ಹನ್ನೊಂದು ಇರ್ಬೋದು."

"ತಗೋ. ಸಣ್ಣಕ್ಕೆ ಬರಿ, ಹಿಡಿಸುತ್ತೆ."

ಯೆಸೆನಿಯಾ ಮಾರ್ಕರನ್ನೂ ನೋಡಿದಳು, ಖಾಲಿ ಜಾಗವನ್ನೂ ನೋಡಿದಳು. "ಮತ್ತೆ ನಿನ್ ಹೆಸರು?"

"ಇನ್ನೊಂದ್ಸಲ ಚರ್ಮ ಬದಲಾಯಿಸ್ತಾರಲ್ಲ, ಆಗ ಎಲ್ಲಾದ್ರೂ ಜಾಗ ಹುಡುಕೋಣ. ಬರಿಯೇ, ಸರ್ ಬಂದ್ಬಿಡ್ತಾರೆ."

ಯೆಸೆನಿಯಾ ತಲೆಯನ್ನು ಡ್ರಮ್ಮಿನೊಳಗೆ ತೂರಿಸಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಹೆಸರು ಬರೆದಳು. ಕೊನೆಯದು ಇವಾನ್.

ಆಮೇಲೆ ಹೊಸ ಚರ್ಮ ಎಳೆದು ತಿರುಪು ಬಿಗಿದರು. ಹೆಸರುಗಳೆಲ್ಲ ಒಳಗೆ ಸೇರಿದವು.

"ಬಾರಿಸು," ಎಂದಳು ಯೆಸೆನಿಯಾ.

"ನೀನು ಬಾರಿಸು. ನಿಮ್ಮೂರ ಬಡಿತ."

ಯೆಸೆನಿಯಾ ಕೋಲು ಎತ್ತಿ ಮೆಲ್ಲಗೆ ಬಾರಿಸಿದಳು. ಢಢಂ... ಢಢಂ... ಢಂ.

ಡೆಲ್ಬಿಯ ಆ ಬಡಿತವನ್ನು ಮಾರ್ನಿ ಎಷ್ಟೋ ಸಲ ಕೇಳಿದ್ದಳು, ಯಾವಾಗಲೂ ಮೈದಾನದ ಆಚೆ ಬದಿಯಿಂದ. ಇಷ್ಟು ಹತ್ತಿರ ನಿಂತು ಕೇಳಿದ್ದು ಇದೇ ಮೊದಲು.