ಸೊರ್ದೊ ಘಾಟಿಯಲ್ಲಿ ಮಲಗಿದ್ದ ಸೈಕಲ್

ಸೈಕಲ್ ಇತ್ತು. ಸವಾರ ಇರಲಿಲ್ಲ.

ಸೊರ್ದೊ ಘಾಟಿಯ ಆ ತಿರುವಿನಲ್ಲಿ ಮಾತ್ರ ರಸ್ತೆಗೆ ತಡೆಗೋಡೆಯಿಲ್ಲ. ಮೊಣಕಾಲೆತ್ತರದ ಹುಲ್ಲು, ಅದರಾಚೆ ಪ್ರಪಾತ. ಹುಲ್ಲಿನ ಅಂಚಿನಲ್ಲಿ ಎತ್ತೊರೆಯ ನೀಲಿ ಸೈಕಲ್ ನಿದ್ದೆ ಹೋದ ಮಗುವಿನ ಹಾಗೆ ಮಲಗಿತ್ತು.

"ಅಣ್ಣಾ!" ಮಿರೆಲ್ಲಾ ಪ್ರಪಾತದ ಕಡೆ ಬಗ್ಗಿ ಕೂಗಿದಳು. ಪ್ರತಿಧ್ವನಿಯೂ ಬರಲಿಲ್ಲ. ಹಾಳು ಮಂಜು ಅದನ್ನೂ ನುಂಗಿಹಾಕಿತ್ತು.

"ಹಿಂದೆ ಬನ್ನಿ ಮಿರೆಲ್ಲಮ್ಮ, ಕಾಲು ಜಾರುತ್ತೆ," ಎಂದು ವ್ಯಾನ್ ಓಡಿಸುವ ಗ್ವೆರ್ರಿನೊ ಅವಳ ತೋಳು ಹಿಡಿದು ಎಳೆದುಕೊಂಡ.

ಈ ಸೈಕಲ್ ಪ್ರವಾಸ ಆರಿಸಿದವಳು ಮಿರೆಲ್ಲಾ. ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಎರಡು ಕಿರುಹೊತ್ತಿಗೆಗಳು ಬಿದ್ದಿದ್ದವು. ಒಂದರಲ್ಲಿ ಸರೋವರದ ಸುತ್ತ ಚಪ್ಪಟೆ ರಸ್ತೆ. ಇನ್ನೊಂದರಲ್ಲಿ ಈ ಬೆಟ್ಟಗಳು. ನಿವೃತ್ತ ಬಸ್ ಡ್ರೈವರ್ ಎತ್ತೊರೆ ಸರೋವರವೇ ಸಾಕೆಂದಿದ್ದ. "ನನ್ನ ಮಂಡಿಗೆ ಬೆಟ್ಟ ಯಾಕೆ ತಂಗಿ? ದಂಡೇಲಿ ಕೂತು ಮೀನು ತಿನ್ನೋಣ." ಅವಳು ಕೇಳಿದ್ದರೆ ತಾನೆ! ಸರೋವರದ ಪ್ರವಾಸದಲ್ಲಿ ಸವಾರರ ಪಾಡು ಸವಾರರದು. ಇಲ್ಲಿ ಕಟ್ಟಕಡೆಯವನ ಹಿಂದೆಯೂ ಒಂದು ವ್ಯಾನು. ಸುಸ್ತಾದರೆ ಹತ್ತಿಸಿಕೊಳ್ಳುತ್ತಾರೆ, ಚಕ್ರ ತೂತಾದರೆ ಬದಲಿಸುತ್ತಾರೆ. ಅಣ್ಣ ನಿಧಾನದವನು, ಅವನಿಗೆ ಇದೇ ಸರಿ ಎಂದು ಹಟ ಹಿಡಿದಿದ್ದಳು.

ಈಗ ಆ ಹಟ ಗಂಟಲಿಗೆ ಸಿಕ್ಕಿದ ಮುಳ್ಳಾಗಿತ್ತು. ಅಣ್ಣ ಕೆಳಗೆ ಬಿದ್ದಿದ್ದರೆ ತಳ್ಳಿದವಳು ತಾನೇ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಕಣಿವೆಯ ಠಾಣೆಯಿಂದ ಇನ್ಸ್‌ಪೆಕ್ಟರ್ ನೊರ್ಮಾ ಒಬ್ಬ ಪೇದೆಯ ಜೊತೆ ಜೀಪಿನಲ್ಲಿ ಬಂದಳು. ಐವತ್ತರ ಗಟ್ಟಿ ಹೆಂಗಸು, ಬಿಸಿಲಿಗೆ ಸುಟ್ಟ ಮುಖ. ಭಾನುವಾರ ಬಂದರೆ ತಾನೂ ಇದೇ ಘಾಟಿಯನ್ನು ಸೈಕಲ್ಲಿನಲ್ಲಿ ಹತ್ತುವವಳು. ಬಂದವಳು ಯಾರನ್ನೂ ಮಾತಾಡಿಸದೆ ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಮೇಡಂ," ಎಂದ ಲಾಪೊ. ತಂಡದ ಜೊತೆ ಸೈಕಲ್ ತುಳಿಯುವ ಮಾರ್ಗದರ್ಶಿ ಅವನು. "ನಾವೆಲ್ಲ ಮೇಲೆ ತಲುಪಿ ಚಹಾ ಕುಡೀತಿದ್ವಿ. ಎತ್ತೊರೆ ಬರ್ಲಿಲ್ಲ. ಹುಡುಕ್ಕೊಂಡು ನಾನೇ ಇಳಿದು ಬಂದೆ. ಹೀಗೇ ಇತ್ತು."

"ಬೆಳಿಗ್ಗೆ ಅವರ ಜೊತೆ ಜಗಳ ಆಡಿದ್ಯಂತೆ, ಫೋನಲ್ಲಿ ಹೇಳಿದ್ರು?"

ಲಾಪೊನ ಮುಖ ಕೆಂಪಾಯಿತು. "ಜಗಳ ಅಲ್ಲ ಮೇಡಂ! ನಿಮ್ಮಿಂದ ದಿನಾ ಊಟ ತಡ ಆಗ್ತಿದೆ ಅಂದೆ. ನಿನ್ನ ಅಜ್ಜೀನ ತುಳಿಯೋಕೆ ಹೇಳು ಹೋಗೋ ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ."

"ಗ್ವೆರ್ರಿನೊ, ವ್ಯಾನು ಅವರ ಹಿಂದೆ ಇರ್ಬೇಕಿತ್ತಲ್ಲ?"

"ಇರ್ಬೇಕಿತ್ತು ಮೇಡಂ." ಅವನು ಟೋಪಿ ತೆಗೆದು ಹಿಂಡಿದ. ಒಂದು ಕಾಲದಲ್ಲಿ ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿದ್ದವನು. ಈಗ ಈ ಪ್ರವಾಸದ ಯಜಮಾನ, ಚಾಲಕ, ರಿಪೇರಿಯವನು ಎಲ್ಲವೂ ಅವನೇ. "ಕೆಳಗಿನ ಊರಲ್ಲಿ ಕಾಫಿಗೆ ನಿಂತೆ, ತಡ ಆಯ್ತು. ಆಮೇಲೆ ಹತ್ತಿಕೊಂಡು ಬಂದೆ. ದಾರೀಲಿ ಯಾರೂ ಸಿಗ್ಲಿಲ್ಲ. ಮುಂದೆ ಹೋಗಿರ್ತಾರೆ ಅಂದ್ಕೊಂಡೆ. ಈ ಮಂಜಲ್ಲಿ ನನ್ನ ಮೂಗೇ ನನಗೆ ಕಾಣ್ತಿರಲಿಲ್ಲ."

ಆಗ ಪಿಯಾ ಅಳಲು ಶುರುಮಾಡಿದಳು.

ಪಿಯಾ ತಂಡದಲ್ಲಿ ಸೈಕಲ್ ತುಳಿಯುವ ಇನ್ನೊಬ್ಬಳು, ಔಷಧಿ ಅಂಗಡಿಯಾಕೆ. ಬಾಯಿ ಬಿಟ್ಟರೆ ತಮಾಷೆ. ಈಗ ಅವಳ ತುಟಿ ಬಿಳುಚಿತ್ತು.

"ನಾನು ಹೇಳಿದ್ರೆ ನಗ್ತೀರ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

"ಹೇಳಮ್ಮ. ನಗೋ ಹೊತ್ತಾ ಇದು?"

ಪಿಯಾ ತಿರುವಿನ ಪುಟ್ಟ ಗುಡಿಯತ್ತ ಬೆರಳು ತೋರಿದಳು. ಗುಡಿಯ ಗೋಡೆಯಲ್ಲಿ ತರುಣ ಸವಾರನೊಬ್ಬನ ಫೋಟೊ. ಬಹಳ ಹಿಂದೆ ಇಲ್ಲೇ ಸತ್ತವನು. ಘಾಟಿ ಹತ್ತುವವರೆಲ್ಲ ಆ ಫೋಟೊ ಮುಟ್ಟಿ ಮುಂದೆ ಹೋಗುತ್ತಾರೆ. ಮಂಜಿನ ದಿನ ಅವನ ಚಕ್ರದ ಸದ್ದು ಕೇಳುತ್ತದೆಂದು ಕಣಿವೆಯವರ ಮಾತು.

"ನಾನು ಗುಡಿ ಹಿಂದೆ ಒಂದಕ್ಕೆ ಕೂತಿದ್ದೆ. ಕೆಳಗಿನಿಂದ ಸದ್ದು ಬಂತು. ಟಿಕ್... ಟಿಕ್... ಟಿಕ್... ಸೈಕಲ್ ಚಕ್ರದ್ದು. ನಿಧಾನವಾಗಿ ಹತ್ತಿರ ಬಂತು. ಎತ್ತೊರೆ ತಳ್ಕೊಂಡು ಬರ್ತಿದಾನೆ ಅಂದ್ಕೊಂಡೆ. 'ನೋಡ್ಬೇಡ ಕಣೋ, ಆ ಕಡೆ ತಿರುಗು!' ಅಂತ ಕೂಗಿದೆ. ಸದ್ದು ಗಪ್ಪಂತ ನಿಂತಿತು. ಉತ್ತರ ಇಲ್ಲ. ಎತ್ತೊರೆ ಆಗಿದ್ರೆ ಸುಮ್ನಿರ್ತಿದ್ನಾ? ಎರಡು ಮಾತು ಸೇರಿಸಿಯೇ ಹೋಗ್ತಿದ್ದ!"

"ಆಮೇಲೆ?"

"ಅದಲ್ಲ ಮೇಡಂ ಭಯ. ಹೆಜ್ಜೆ ಸದ್ದೇ ಇರ್ಲಿಲ್ಲ! ಸೈಕಲ್ ಬಂತು, ಮನುಷ್ಯ ಬರ್ಲಿಲ್ಲ. ನನ್ನ ಸೈಕಲ್ ಗುಡಿ ಹಿಂದೇನೇ ಇತ್ತು. ಹತ್ತಿದವಳೇ ತಿರುಗಿಯೂ ನೋಡದೆ ಮೇಲಕ್ಕೆ ತುಳಿದೆ."

ಮಿರೆಲ್ಲಾ ಗುಡಿಯತ್ತ ತಿರುಗಿದಳು. ಗೋಡೆಯ ತರುಣ ಮಂಜಿನ ಹನಿ ಮೆತ್ತಿಕೊಂಡು ಅವಳನ್ನೇ ನೋಡುತ್ತಿದ್ದ. ಅವನೇ ಕರೆದುಕೊಂಡುಬಿಟ್ಟನೆ ತನ್ನ ಅಣ್ಣನನ್ನು? ಓದಿದವಳು ತಾನು, ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಆ ಹೊತ್ತಿಗೆ ನಂಬಿದಳು.

"ಮೇಡಂ, ಹಗ್ಗ ಕಟ್ಕೊಂಡು ಪ್ರಪಾತಕ್ಕೆ ಇಳಿಯೋರನ್ನ ಕರೆಸಿ," ಅಂದ ಗ್ವೆರ್ರಿನೊ. "ನಾನು ಮೇಲೆ ಹೋಗಿ ಉಳಿದವರನ್ನ ನೋಡ್ಕೋತೀನಿ. ಚಳೀಲಿ ಕಾಯ್ತಿದಾರೆ, ಪಾಪ."

ನೊರ್ಮಾ ಮಿರೆಲ್ಲಾಳನ್ನು ನೋಡಿದಳು. "ನೀವು ನಡುಗ್ತಿದೀರಲ್ಲಮ್ಮ. ಬೆಚ್ಚನೆ ಕೋಟು ಇಲ್ವಾ ವ್ಯಾನಲ್ಲಿ?"

"ಬ್ಯಾಗಲ್ಲಿದೆ. ಬ್ಯಾಗು ಮೇಲೇ ಉಳೀತು, ಹುಲ್ಲಿನ ಮೇಲೆ."

"ಹುಲ್ಲಿನ ಮೇಲಾ? ಈ ತೇವದಲ್ಲಿ?"

"ದಿನಾ ನಾವೇ ವ್ಯಾನಿನ ಹಿಂದಿನ ಬಾಗಿಲು ತೆಗೆದು ತಗೋತಿದ್ವಿ. ಇವತ್ತು ಗ್ವೆರ್ರಿನೊ ಬಂದವನೇ ಎಲ್ಲಾ ತಾನೇ ಇಳಿಸಿಟ್ಟುಬಿಟ್ಟ. ಚಹಾನೂ ಮುಂದಿನ ಸೀಟಿಂದಾನೇ ಕೊಟ್ಟ."

"ಇಲ್ಲಿಗೆ ಹೇಗೆ ಬಂದ್ರಿ?"

"ನಾನೂ ಪಿಯಾನೂ ಅವನ ಪಕ್ಕ ಕೂತು ಬಂದ್ವಿ." ಮಿರೆಲ್ಲಾ ತಡೆದಳು. ಏನೋ ನೆನಪಾಯಿತು. "ಹಿಂದೆ ಏನೋ ಕೆರೆದ ಹಾಗೆ ಸದ್ದಾಗ್ತಿತ್ತು. ಏನದು ಅಂತ ಕೇಳ್ದೆ. ಸಾಮಾನು ಉರುಳ್ತಿದೆ ಅಂದ. ರೇಡಿಯೊ ಜೋರು ಮಾಡ್ದ..."

ಹೇಳುತ್ತ ಹೇಳುತ್ತಲೇ ಅವಳು ವ್ಯಾನಿನ ಕಡೆ ತಿರುಗಿದಳು.

"ಕೀಲಿ ಕೊಡು," ಎಂದಳು ನೊರ್ಮಾ ಗ್ವೆರ್ರಿನೊಗೆ.

"ಹಿಂದಿನ ಬಾಗಿಲು ಕೆಟ್ಟಿದೆ ಮೇಡಂ, ಅದಕ್ಕೇನೇ—"

"ಕೀಲಿ!"

ಪೇದೆ ಅವನ ಜೇಬಿನಿಂದಲೇ ಕಿತ್ತುಕೊಂಡ. ಬಾಗಿಲು ಒಂದೇ ಸಲಕ್ಕೆ ತೆರೆಯಿತು. ಬಿಡಿ ಚಕ್ರಗಳು, ನೀರಿನ ಕ್ಯಾನುಗಳು, ಅವುಗಳ ನಡುವೆ ಸೈಕಲ್ ಹೊದಿಸುವ ಕಂಬಳಿಗಳ ರಾಶಿ. ರಾಶಿಯಿಂದ ಒಂದು ಸೈಕಲ್ ಶೂ ಹೊರಗೆ ಚಾಚಿತ್ತು. ಅದು ಅಲುಗಿತು. ಪೆಡಲಿಗೆ ಸಿಕ್ಕಿಸುವ ಅಡಿಯ ಗಟ್ಟಿ ಕೊಂಡಿ ತಗಡಿನ ನೆಲವನ್ನು ಕೆರೆಯಿತು.

ಮಿರೆಲ್ಲಾ ಕಿರುಚಿದ್ದು ಅವಳಿಗೇ ಕೇಳಿಸಲಿಲ್ಲ. ವ್ಯಾನಿನೊಳಕ್ಕೆ ನುಗ್ಗಿ ಕಂಬಳಿ ಕಿತ್ತೆಸೆದಳು. ಎತ್ತೊರೆಯ ತಲೆಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು, ಕಣ್ಣು ಮುಚ್ಚಿತ್ತು. ಕತ್ತಿನ ಮೇಲೆ ಬೆರಳಿಟ್ಟಳು. ನಾಡಿ ಇತ್ತು. ಸಣ್ಣಗೆ, ಆದರೆ ಇತ್ತು.

"ಅಯ್ಯೋ ಜೀವ ಇದೆ! ಜೀವ ಇದೆ ಕಣ್ರೀ!"

ಪೇದೆ ಆಂಬುಲೆನ್ಸಿಗೆ ಫೋನು ಹಚ್ಚಿದ. ಪಿಯಾ ಅಳು ಒರೆಸಿಕೊಂಡು ಒಳಗೆ ಹತ್ತಿ, ಎತ್ತೊರೆಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ, ಗಾಯಕ್ಕೆ ಬಟ್ಟೆ ಒತ್ತಿದಳು. ಗ್ವೆರ್ರಿನೊ ನಿಂತಲ್ಲೇ ರಸ್ತೆಯ ಮೇಲೆ ಕುಸಿದು ಕೂತ.

"ಇವನಾ?" ಲಾಪೊ ಬಾಯಿ ತೆರೆದೇ ನಿಂತಿದ್ದ. "ಇವನು... ನಮ್ಮ ಗ್ವೆರ್ರಿನೊನಾ? ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಸೈಕಲ್ ನೋಡು. ಹ್ಯಾಂಡಲ್ ಪಟ್ಟಿ ಹರಿದಿರೋದು ಬಲಗಡೆ. ಪೆಡಲ್ ಉಜ್ಜಿರೋದು ಬಲಗಡೆ. ಅಂದ್ರೆ ಬಲಕ್ಕೆ ಬಿದ್ದಿದೆ. ಮಲಗಿರೋದು ಯಾವ ಕಡೆಗೆ?"

"ಎಡಕ್ಕೆ... ಚೈನು ಮೇಲಿದೆ."

"ಚೈನಿನ ಮಗ್ಗುಲು ನೆಲಕ್ಕೆ ತಾಗಿಸಿ ಸೈಕಲ್ ಮಲಗಿಸ್ತೀಯಾ ನೀನು?"

"ಛೆ! ಯಾರಾದ್ರೂ ಹಾಗೆ ಮಾಡ್ತಾರಾ? ಚೈನಿಗೆ ಮಣ್ಣು ಹತ್ತುತ್ತೆ, ಗೇರು ಬಗ್ಗುತ್ತೆ."

"ನೀನು ಮಾಡಲ್ಲ, ನಾನು ಮಾಡಲ್ಲ. ಇವನಂತೂ ಸತ್ತರೂ ಮಾಡಲ್ಲ. ಬಿದ್ದ ಸೈಕಲ್ ಅಲ್ಲ ಇದು, ಮಲಗಿಸಿದ ಸೈಕಲ್. ಮನುಷ್ಯ ಸತ್ತ ಅಂತ ಗಾಬರಿ ಬಿದ್ದು ಓಡೋವಾಗಲೂ ಕೈ ತಾನಾಗೇ ಚೈನು ಕಾಪಾಡಿದೆ. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು."

ಪಿಯಾ ವ್ಯಾನಿನೊಳಗಿಂದಲೇ ಕೇಳಿದಳು. "ಹಾಗಾದ್ರೆ ನಾನು ಕೇಳಿದ್ದು?"

"ದೆವ್ವ ಅಲ್ಲಮ್ಮ. ತಳ್ಕೊಂಡು ಬಂದ್ರೆ ಚಕ್ರ ಟಿಕ್ ಟಿಕ್ ಅನ್ನುತ್ತೆ. ಆದ್ರೆ ನಿಮ್ಮಲ್ಲಿ ಯಾರು ಈ ಟಾರಿನ ಮೇಲೆ ನಡೆದ್ರೂ ಶೂ ಅಡಿಯ ಕೊಂಡಿ ಟಕಟಕ ಅನ್ನದೆ ಇರುತ್ತಾ? ಲಾಪೊ ಆಗಿದ್ರೆ ಕುದುರೆ ಬಂದ ಹಾಗೆ ಕೇಳ್ತಿತ್ತು. ಹೆಜ್ಜೆ ಸದ್ದು ಬರದ ಮನುಷ್ಯ ನಿಮ್ಮ ತಂಡದಲ್ಲಿ ಒಬ್ಬನೇ." ನೊರ್ಮಾ ಗ್ವೆರ್ರಿನೊನ ಕಾಲು ತೋರಿಸಿದಳು. ಮೆತ್ತನೆ ರಬ್ಬರ್ ಅಡಿಯ ಬೂಟು. "ಎತ್ತೊರೆಯನ್ನ ಕೆಳಗೆಲ್ಲೋ ಹಿಂದಿನಿಂದ ವ್ಯಾನಲ್ಲಿ ಗುದ್ದಿದ. ವ್ಯಾನಿಗೆ ಹಾಕಿಕೊಂಡ. ಗೋಡೆ ಇಲ್ಲದ ಜಾಗ ಇದೊಂದೇ, ಅದಕ್ಕೇ ಸದ್ದಾಗದಿರಲಿ ಅಂತ ವ್ಯಾನನ್ನ ಕೆಳಗೇ ನಿಲ್ಲಿಸಿ ಮೊದಲು ಸೈಕಲ್ ತಳ್ಕೊಂಡು ತಂದ. ಆಮೇಲೆ ಅವರನ್ನೂ ತಂದು ಎಸೆಯೋ ಲೆಕ್ಕ. ನೀವು ಗುಡಿ ಹಿಂದಿಂದ ಕೂಗಿದ್ರಿ, ಸೈಕಲ್ ಮಲಗಿಸಿ ವ್ಯಾನಿಗೆ ಓಡಿದ, ಕೆಲಸ ಕೆಟ್ಟಿತು. ಈಗ ಮೇಲೆ ಹೋಗ್ತೀನಿ ಅಂದನಲ್ಲ, ಎಲ್ಲಿಗೆ ಹೋಗ್ತಿದ್ದ ಅನ್ಕೊಂಡ್ರಿ? ಇವರನ್ನ ಬೇರೆಲ್ಲಾದ್ರೂ ಮುಚ್ಚಿಹಾಕೋಕೆ."

ಗ್ವೆರ್ರಿನೊ ತಲೆ ಎತ್ತಲಿಲ್ಲ. "ಕಾಫಿಗೆ ಒಂಚೂರು ಸಾರಾಯಿ ಬೆರೆಸ್ಕೊಂಡಿದ್ದೆ ಮೇಡಂ. ತಡ ಆಗಿತ್ತು, ಜೋರಾಗಿ ಬಂದೆ. ಮಂಜಲ್ಲಿ ಕಾಣ್ಲೇ ಇಲ್ಲ. ಲೈಸೆನ್ಸ್ ಹೋಗುತ್ತೆ, ಎಲ್ಲಾ ಹೋಗುತ್ತೆ ಅಂತ... ಅವರು ಸತ್ತೇ ಹೋಗಿದ್ರು. ದೇವರಾಣೆ, ಸತ್ತೇ ಹೋಗಿದ್ರು."

"ಮುಟ್ಟಿ ನೋಡಿದ್ಯಾ?"

ಅವನು ಟೋಪಿಯನ್ನು ಮತ್ತೆ ಹಿಂಡಿದ.

"ಮುಟ್ಟಿ ನೋಡಿದ್ಯಾ ಅಂತ ಕೇಳ್ದೆ."

"ಇಲ್ಲ... ಭಯ ಆಯ್ತು."

ಕೆಳಗಿನ ತಿರುವಿನಲ್ಲಿ ಆಂಬುಲೆನ್ಸಿನ ಕೂಗು ಕೇಳಿಸಿತು. ನೊರ್ಮಾ ಬಗ್ಗಿ ಅವನ ಕೈಗೆ ಕೋಳ ತೊಡಿಸಿದಳು.

"ಆಸ್ಪತ್ರೆ ಇರೋದು ಘಾಟಿ ಕೆಳಗೇನೇ. ವ್ಯಾನ್ ತಿರುಗಿಸಿದ್ರೆ ಆಗ್ತಿತ್ತು. ಒಂದು ಬೆರಳು ಅವರ ಕತ್ತಿನ ಮೇಲಿಟ್ಟಿದ್ರೆ, ಇವತ್ತು ನೀನು ಕುಡಿದು ಗುದ್ದಿದವನು ಆಗ್ತಿದ್ದೆ, ಅಷ್ಟೇ. ಈಗ ಬದುಕಿರೋ ಮನುಷ್ಯನನ್ನ ಪ್ರಪಾತಕ್ಕೆ ಹಾಕೋಕೆ ಹೊರಟವನು."

ಗ್ವೆರ್ರಿನೊ ಮುಖ ಮುಚ್ಚಿಕೊಂಡು ಅತ್ತ. ಮಿರೆಲ್ಲಾ ಆ ಕಡೆ ನೋಡಲಿಲ್ಲ. ಅಣ್ಣನ ಬೆರಳುಗಳು ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡಿದ್ದವು. ಆಂಬುಲೆನ್ಸಿನವರು ಬಂದು 'ಕೈ ಬಿಡಿ' ಅನ್ನುವವರೆಗೂ ಅವಳು ಬಿಡಲಿಲ್ಲ.